ನೀರಿಗೆ ಹೆದರುವವರ ಪುಟ

ಫೆಬ್ರವರಿ 9

ನನ್ನ ನಾದಿನಿಗೆ,

ಕೈ ಇನ್ನೂ ಪೂರ್ತಿ ಒಣಗಿಲ್ಲ. ಅಕ್ಷರ ಹರಡಿದ್ದರೆ ಅದು ಕಣ್ಣೀರಲ್ಲ, ಈಜುಕೊಳದ ನೀರು ಎಂದು ತಿಳಿದುಕೊ. ಫೋನ್ ಮಾಡಬಹುದಿತ್ತು. ಆದರೆ ದಿನವಿಡೀ ಪರದೆ ನೋಡಿ ಕಣ್ಣು ಉರಿಯುತ್ತದೆ, ಯಾರಾದರೂ ಕಾಗದ ಬರೆದರೆ ಓದಲು ಹಿತ ಎಂದು ನೀನೇ ಹೇಳಿದ್ದೆ. ಅದೂ ಅಲ್ಲದೆ, ಮನೆಯಲ್ಲಿ ನಾನು ನಿನ್ನ ಜೊತೆ ಫೋನಿನಲ್ಲಿ ಮಾತಾಡಿದರೆ ನಿನ್ನ ಅಣ್ಣ ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು, ಒಂದು ಪುಟವನ್ನೂ ಮಗುಚದೆ ಕೇಳಿಸಿಕೊಳ್ಳುತ್ತಾರೆ.

ನೀವಿಬ್ಬರೂ ಮಾತು ಬಿಟ್ಟು ತಿಂಗಳಾಗುತ್ತಾ ಬಂತು. ನಮ್ಮ ಈಜು ಕ್ಲಾಸನ್ನು ಒಂದು ತಿಂಗಳಲ್ಲಿ ಇಂಟರ್ನೆಟ್ ಸರ್ಚಿನ ಮೊದಲ ಸಾಲಿಗೆ ತಂದುಕೊಡು ಎಂದು ಅವರು ಕೇಳಿದ್ದು, ಹಾಗೆಲ್ಲ ಆಗುವುದಿಲ್ಲ ಎಂದು ನೀನು ಹೇಳಿದ್ದು, ಆಮೇಲೆ ಅವರು ನಿನ್ನ ಓದು, ವೆಬ್‌ಸೈಟುಗಳನ್ನು ಸರ್ಚಿನಲ್ಲಿ ಮೇಲೆ ತರುವ ನಿನ್ನ ಕೆಲಸ ಎಲ್ಲವನ್ನೂ ಮಧ್ಯಕ್ಕೆ ಎಳೆದದ್ದು, ಎಲ್ಲ ನನಗೂ ಕೇಳಿಸಿತ್ತು. ಯಾರದು ಸರಿ ಎಂದು ನಾನು ಹೇಳಲು ಹೋಗುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಅವರು ದಿನಾ ಬೆಳಿಗ್ಗೆ ಬಂದು ಬಾಗಿಲ ಹತ್ತಿರದ ಮೇಜಿನಲ್ಲಿ ಕೂರುತ್ತಾರೆ. ಅಷ್ಟು ದೊಡ್ಡ ಕೊಳದಲ್ಲಿ ನಾನು ಮೂರು ಮತ್ತೊಂದು ಜನರನ್ನು ಇಟ್ಟುಕೊಂಡು ಸೊಂಟದ ಮಟ್ಟದ ತಣ್ಣೀರಿನಲ್ಲಿ ನಿಂತಿರುವುದನ್ನು ನೋಡಲು ಅವರಿಂದ ಆಗುತ್ತಿಲ್ಲ. ಕೊಳ ಬಾಡಿಗೆಗೆ ಕೊಟ್ಟಿರುವ ಹೋಟೆಲಿನ ಮ್ಯಾನೇಜರ್ ಬೇರೆ ಹೇಳಿದ್ದಾರೆ, ವರ್ಷದ ಕೊನೆಯೊಳಗೆ ಕ್ಲಾಸು ತುಂಬದಿದ್ದರೆ ಬೆಳಗಿನ ಹೊತ್ತನ್ನು ಬೇರೆಯವರಿಗೆ ಕೊಡುತ್ತಾರಂತೆ.

ದೊಡ್ಡ ಮೈದಾನದ ಪಕ್ಕದ ಈಜು ಶಾಲೆಯವರು ಯಾವಾಗ ಹುಡುಕಿದರೂ ಮೇಲೇ ಇರುತ್ತಾರೆ. ಅವರಲ್ಲಿ ದೊಡ್ಡವರಿಗೆ ಕಲಿಸುವವರೇ ಇಲ್ಲ. ಹಾಗಿದ್ದರೂ ಅದು ಹೇಗೆ? ಸಿಟ್ಟಿನಿಂದ ಕೇಳುತ್ತಿಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತಿಗೆ


ಫೆಬ್ರವರಿ 20

ಅತ್ತಿಗೆ,

ಅಕ್ಷರ ಒಂದೆರಡು ಕಡೆ ಹರಡಿತ್ತು, ಅರ್ಥ ಹರಡಿರಲಿಲ್ಲ.

ನೀವು ಕೇಳಿದ ಶಾಲೆಯ ವೆಬ್‌ಸೈಟನ್ನು ಬಿಡಿಸಿ ನೋಡಿದೆ. ಒಂದು ವೆಬ್‌ಸೈಟಿನವರು ಇನ್ನೊಂದಕ್ಕೆ ಲಿಂಕ್ ಕೊಟ್ಟರೆ, ದಾರಿ ಕೇಳಿದವರಿಗೆ 'ಅಲ್ಲಿಗೆ ಹೋಗಿ, ಚೆನ್ನಾಗಿದೆ' ಎಂದು ಕೈ ತೋರಿಸಿದ ಹಾಗೆ. ತುಂಬ ಕೈಗಳು ಯಾವ ಕಡೆ ತೋರಿಸುತ್ತವೋ ಅದನ್ನು ಸರ್ಚ್ ಮೇಲಕ್ಕೆ ತರುತ್ತದೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಆ ಕೈಗಳನ್ನು ಬಾಡಿಗೆಗೆ ಕೊಡುವವರಿದ್ದಾರೆ. ಆ ಶಾಲೆಯ ಕಡೆ ಕೈ ತೋರಿಸುತ್ತಿರುವವರಲ್ಲಿ ಒಬ್ಬರು ಟೈರ್ ಮಾರುವವರು, ಒಬ್ಬರು ಬೋಳುತಲೆಗೆ ಎಣ್ಣೆ ಮಾರುವವರು, ಇನ್ನು ಕೆಲವು ಕಡೆ ಮನುಷ್ಯರೇ ಇದ್ದಂತಿಲ್ಲ. ಇವರಲ್ಲಿ ಯಾರೂ ಆ ಕೊಳದಲ್ಲಿ ಕಾಲು ನೆನೆಸಿದವರಲ್ಲ.

ಅಣ್ಣ ಕೇಳಿದ್ದು ಇದನ್ನೇ. ನಾನು ಒಲ್ಲೆ ಎಂದದ್ದೂ ಇದನ್ನೇ. ಸಿಕ್ಕಿಬಿದ್ದರೆ ಸರ್ಚಿನಿಂದಲೇ ಕಿತ್ತುಹಾಕುತ್ತಾರೆ. ಎಲ್ಲರೂ ಸಿಕ್ಕಿಬೀಳುವುದಿಲ್ಲ, ಎಷ್ಟೋ ಜನ ವರ್ಷಗಟ್ಟಲೆ ಹಾಯಾಗಿರುತ್ತಾರೆ. ನಿಮ್ಮ ಹತ್ತಿರ ಸುಳ್ಳು ಹೇಳಲಾರೆ.

ನನಗೆ ಗೊತ್ತಿರುವುದು ನಿಧಾನದ ದಾರಿ. ಅದಕ್ಕೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಮೊದಲ ದಿನ ಬಂದವರು ನೀರಿಗೆ ಇಳಿಯುವ ಮುಂಚೆ ನಿಮ್ಮನ್ನು ಏನೇನು ಕೇಳುತ್ತಾರೆ? ನಾಚಿಕೊಂಡು ಕೇಳುವುದು, 'ನಮ್ಮ ಸ್ನೇಹಿತರೊಬ್ಬರಿಗೆ' ಎಂದು ಸುತ್ತು ಬಳಸಿ ಕೇಳುವುದು, ಎಲ್ಲ ಬೇಕು. ನೀವು ಕೊಡುವ ಉತ್ತರವನ್ನೂ ಬರೆಯಿರಿ, ಅವರ ಮುಂದೆ ಹೇಳುವ ಹಾಗೇ. ಜನ ಕೊಳದ ದಡದಲ್ಲಿ ಕೇಳುವುದನ್ನೇ ಮನೆಯಲ್ಲಿ ಒಬ್ಬರೇ ಕೂತು ಸರ್ಚಿಗೂ ಕೇಳುತ್ತಾರೆ. ಅಲ್ಲಿ ಅವರಿಗೆ ನೀವು ಸಿಗಬೇಕು.

ಈ ಪತ್ರ ಅಣ್ಣನಿಗೆ ತೋರಿಸಬೇಡಿ. ತೋರಿಸಿದರೂ ಪರವಾಗಿಲ್ಲ.

ನಿಮ್ಮ ನಾದಿನಿ


ಮಾರ್ಚ್ 6

ನಾದಿನಿಗೆ,

ನೀನು ಕೇಳಿದ್ದು ಸುಲಭ ಎಂದುಕೊಂಡಿದ್ದೆ. ಬರೆಯಲು ಕೂತರೆ ಬೆನ್ನು ಹಿಡಿದುಕೊಂಡಿತು. ಇಷ್ಟು ವರ್ಷ ಬಾಯಲ್ಲಿ ಹೇಳಿದ್ದು ಕಾಗದಕ್ಕೆ ಇಳಿಯಲು ನನ್ನ ವಿದ್ಯಾರ್ಥಿಗಳಿಗಿಂತ ಹೆಚ್ಚು ಹಟ ಮಾಡುತ್ತದೆ.

ಮುಖ ನೀರಿನಲ್ಲಿ ಮುಳುಗಿಸಲೇಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಮುಳುಗಿಸಬೇಕು, ಆದರೆ ಯಾವತ್ತು ಎಂದು ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಎನ್ನುತ್ತೇನೆ. ಚಿಕ್ಕವರಿದ್ದಾಗ ಯಾರೋ ತಮಾಷೆಗೆ ನೀರಿಗೆ ತಳ್ಳಿದ್ದರಂತೆ, ಅದನ್ನು ಹೇಳಿಕೊಳ್ಳುವವರು ಬಹಳ. ನಾನು ಯಾರನ್ನೂ ತಳ್ಳುವುದಿಲ್ಲ, ತಳ್ಳಿದವರನ್ನು ಮತ್ತೆ ಒಳಗೆ ಬಿಡುವುದಿಲ್ಲ. ದಪ್ಪಗಿದ್ದವರು ತೇಲುತ್ತಾರಾ ಎಂದು ಕೇಳುತ್ತಾರೆ. ತೆಳ್ಳಗಿರುವವರಿಗಿಂತ ಚೆನ್ನಾಗಿ. ಈ ಉತ್ತರಕ್ಕೆ ಅವರ ಮುಖ ಅರಳುವುದನ್ನು ನೀನು ನೋಡಬೇಕು. ಮುಟ್ಟಿನ ದಿನ ಏನು ಮಾಡುವುದು, ಬೇರೆಯವರು ನೋಡಿ ನಕ್ಕರೆ ಏನು ಮಾಡುವುದು, ಎಷ್ಟು ದಿನದಲ್ಲಿ ಬರುತ್ತದೆ. ಕೊನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಗೋಡೆ ಮೇಷ್ಟ್ರು ಎಂದು ನಾವು ಕರೆಯುವ ನಿವೃತ್ತ ಉಪಾಧ್ಯಾಯರೊಬ್ಬರು ಬರುತ್ತಾರೆ. ಬಂದಾಗಿನಿಂದ ಕೊಳದ ಗೋಡೆ ಬಿಟ್ಟಿಲ್ಲ. ಗೋಡೆ ಹಿಡಿದುಕೊಂಡೇ ನಾಲ್ಕೂ ಬದಿ ಸುತ್ತುತ್ತಾರೆ, ಎಲ್ಲರಿಗೂ ಕಾಲು ಹೇಗೆ ಬಡಿಯಬೇಕೆಂದು ಪಾಠ ಮಾಡುತ್ತಾರೆ. ಸಂತೋಷವಾಗಿದ್ದಾರೆ. ಅವರಿಗೆ ಎಷ್ಟು ದಿನ ಎಂದು ಹೇಳಲಿ?

ಮಂಡಿ ಆಪರೇಷನ್ ಆದವರೂ ಬರುತ್ತಾರೆ. ಗಾಯ ಪೂರ್ತಿ ಮಾಗದೆ, ಅವರ ಡಾಕ್ಟರ್ ಆಗಬಹುದು ಎನ್ನದೆ ನಾನು ಇಳಿಸುವುದಿಲ್ಲ, ವಾಪಸ್ ಕಳಿಸುತ್ತೇನೆ. ಇದನ್ನು ಬರೆದರೆ ಬರುವವರೂ ಬರುವುದಿಲ್ಲವೇನೋ. ಹಾಕಬೇಕೋ ಬೇಡವೋ ನೀನೇ ನೋಡು.

ನಿನ್ನ ಅತ್ತಿಗೆ


ಏಪ್ರಿಲ್ 17, ಬುಧವಾರ ಮಧ್ಯಾಹ್ನ

ಅತ್ತಿಗೆ,

ಎಲ್ಲವನ್ನೂ ಹಾಕಿದ್ದೇನೆ, ಮಂಡಿಯದ್ದನ್ನು ಮೊದಲು. ನಿಮ್ಮ ಮಾತನ್ನು ಆದಷ್ಟು ಮುಟ್ಟಲಿಲ್ಲ, ವಾಕ್ಯಗಳನ್ನು ಮಾತ್ರ ಕೂಡಿಸಿದೆ. ಪುಟಕ್ಕೆ 'ನೀರಿಗೆ ಹೆದರುವವರಿಗೆ' ಎಂದು ಹೆಸರಿಟ್ಟಿದ್ದೇನೆ. ವಿಳಾಸ, ಬಸ್ಸಿನ ದಾರಿ, ನೀರು ಎಷ್ಟು ತಣ್ಣಗಿರುತ್ತದೆ, ಬಟ್ಟೆ ಬದಲಿಸುವ ಕೋಣೆಯ ಚಿಲಕ ಗಟ್ಟಿಯಿದೆ ಎಂದು ನೀವು ಹಿಂದೆ ಹೇಳಿದ್ದನ್ನೂ ಬರೆದೆ. ಚಿಲಕದ ವಿಷಯ ನಿಮಗೆ ನಗು ತರಿಸಬಹುದು. ನಾನಾಗಿದ್ದರೆ ಅದನ್ನೇ ಮೊದಲು ಹುಡುಕುತ್ತಿದ್ದೆ.

ಈಗ ಕಾಯಬೇಕು. ಎಷ್ಟು ದಿನ ಎಂದು ಕೇಳಬೇಡಿ, ಗೋಡೆ ಮೇಷ್ಟ್ರಿಗೆ ನೀವು ಕೊಡುವ ಉತ್ತರವೇ ನಿಮಗೂ.

ಇಲ್ಲಿ ಎಲ್ಲ ಹಾಗೇ ಇದೆ. ಕಿಟಕಿಯ ಹತ್ತಿರ ಮೇಜು ಹಾಕಿಕೊಂಡಿದ್ದೇನೆ, ಬೆಳಕು ಚೆನ್ನಾಗಿ ಬರುತ್ತದೆ. ಎದುರುಮನೆಯ ಬೆಕ್ಕು ಮಧ್ಯಾಹ್ನವಿಡೀ ಒಂದೇ ಮೆಟ್ಟಿಲ ಮೇಲೆ ಮಲಗುತ್ತದೆ ಎಂದು ಈಗ ಗೊತ್ತಾಗಿದೆ.

ನಿಮ್ಮ ನಾದಿನಿ


ಜೂನ್ 11

ನಾದಿನಿಗೆ,

ಹೇಗೆ ಶುರು ಮಾಡಲಿ ಎಂದು ಯೋಚಿಸಿ ಮೂರು ಸಲ ಕಾಗದ ಹರಿದೆ. ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಅಣ್ಣ ಒಬ್ಬನನ್ನು ಹಿಡಿದಿದ್ದಾರೆ. ನೀನು ಹೇಳಿದ ಬಾಡಿಗೆ ಕೈಗಳನ್ನು ತಂದು ಎಲ್ಲರನ್ನೂ ಮೇಲೆ ಹತ್ತಿಸುತ್ತಾನಂತೆ, ಅದಕ್ಕೆ ನಾನು ಅವನಿಗೆ ಏಣಿ ಎಂದು ಹೆಸರಿಟ್ಟಿದ್ದೇನೆ. ನನಗೆ ಗೊತ್ತಾದದ್ದು ಎಲ್ಲ ಆದ ಮೇಲೆ.

ಏರಿದ್ದೂ ನಿಜ. ನಾವೀಗ ಮೊದಲ ಸಾಲಿನಲ್ಲಿ, ದೊಡ್ಡ ಶಾಲೆಯ ತಲೆಯ ಮೇಲೆ. ಬೆಳಗಿನ ಕ್ಲಾಸು ತುಂಬಿ ಕೊಳದಲ್ಲಿ ಕಾಲಿಡಲು ಜಾಗವಿಲ್ಲ. ಮ್ಯಾನೇಜರ್ ಎರಡು ಸಲ ಬಂದು ನಕ್ಕು ಹೋದರು. ಗೋಡೆ ಮೇಷ್ಟ್ರಿಗೆ ಗೋಡೆಯೇ ಸಿಗುತ್ತಿಲ್ಲ, ದಿನಾ ಜಗಳ. ನಿನ್ನ ಅಣ್ಣ ಮೇಜಿನ ಹಿಂದೆ ಕೂತು ಹೆಸರು ಬರೆದುಕೊಳ್ಳುವಾಗ ಹಾಡು ಗುನುಗುತ್ತಾರೆ. ಮದುವೆಯಾದ ಹೊಸತರಲ್ಲಿ ಗುನುಗುತ್ತಿದ್ದರು, ಆಮೇಲೆ ಈಗಲೇ ಕೇಳಿದ್ದು. ಅದನ್ನು ಕೇಳಿ ನನಗೆ ಖುಷಿಯಾಯಿತು, ಮುಚ್ಚಿಡುವುದಿಲ್ಲ.

ನಿನ್ನ ಪುಟ ಹಾಗೇ ಇದೆ. ಆದರೆ ಅದರ ಮುಂದೆ ಏಣಿ ಇನ್ನೊಂದು ಪುಟ ಅಂಟಿಸಿದ್ದಾನೆ, 'ಹತ್ತೇ ದಿನದಲ್ಲಿ ಈಜು, ಖಂಡಿತ' ಎಂದು. ನಿನಗೆ ಬೇಜಾರಾಗುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು.

ನಿನ್ನ ಅತ್ತಿಗೆ


ಜೂನ್ 19

ಅತ್ತಿಗೆ,

ಕ್ಲಾಸು ತುಂಬಿದ್ದು ಸಂತೋಷ. ನಿಜವಾಗಿ. ಅಣ್ಣ ಗುನುಗುತ್ತಾನೆ ಎಂದು ಓದಿ ನಾನೂ ನಕ್ಕೆ, ಅವನಿಗೆ ಶ್ರುತಿ ಯಾವತ್ತೂ ಸೇರಿದ್ದಿಲ್ಲ.

ಲಿಂಕುಗಳ ವಿಷಯದಲ್ಲಿ ನಾನು ಹೇಳುವುದನ್ನು ಆಗಲೇ ಹೇಳಿಯಾಗಿದೆ. ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. 'ಹತ್ತೇ ದಿನದಲ್ಲಿ' ಎನ್ನುವ ಮಾತನ್ನು ತೆಗೆಸಿ. ಅದು ಸರ್ಚಿಗೆ ಹೇಳಿದ ಸುಳ್ಳಲ್ಲ, ನೀರಿಗೆ ಇಳಿಯುವವರಿಗೆ ಹೇಳಿದ ಸುಳ್ಳು.

ನಿಮ್ಮ ನಾದಿನಿ


ಜುಲೈ 14

ನಾದಿನಿಗೆ,

ನಿನ್ನ ಪತ್ರ ಬಂದ ದಿನವೇ ಹೇಳಿದ್ದೆ. 'ತೆಗಿಸೋಣ, ಒಂದು ತಿಂಗಳು ಕಳೀಲಿ' ಎಂದರು ನಿನ್ನ ಅಣ್ಣ. ತಿಂಗಳು ಕಳೆಯುವವರೆಗೆ ಕಾಯಬೇಕಾಗಲಿಲ್ಲ.

ಕಳೆದ ವಾರ ಒಬ್ಬ ಯುವಕನಿಗೆ ಹತ್ತನೆಯ ದಿನ. ತೇಲುವುದು ಬಂದಿತ್ತು, ಉಸಿರು ಇನ್ನೂ ಬಂದಿರಲಿಲ್ಲ. ನಾನು ಈ ಬದಿಯಲ್ಲಿ ಒಬ್ಬಾಕೆಯ ಕೈ ಹಿಡಿದು ನಿಂತಿದ್ದೆ. ಆತ ಆ ಬದಿಗೆ ಹೋಗಿ ಆಳದ ಕಡೆ ಧುಮುಕಿದ. ಹಾರಿದ ಸದ್ದು ಕೇಳಿಸಿತು, ಎದ್ದ ಸದ್ದು ಕೇಳಿಸಲಿಲ್ಲ. ನಾನು ಹೋಗಿ ಎತ್ತಿದೆ. ಏನೂ ಆಗಲಿಲ್ಲ. ಒಂದಿಷ್ಟು ನೀರು ಕುಡಿದ, ಕೆಮ್ಮಿದ, ಅಷ್ಟೇ. ದಡದಲ್ಲಿ ಕೂತ ಮೇಲೆ ಸಿಟ್ಟಿನಿಂದಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ.

"ಇವತ್ತಿಗೆ ಹತ್ತು ದಿನ ಆಯ್ತಲ್ಲಾ ಮೇಡಂ?"

ನಿನ್ನ ಅಣ್ಣ ಅಷ್ಟರಲ್ಲಿ ಶೂ ಹಾಕಿಕೊಂಡೇ ಓಡಿ ಬಂದು ಪಕ್ಕದಲ್ಲಿ ನಿಂತಿದ್ದರು. ಆ ಹುಡುಗನಿಗೆ ಟವೆಲ್ ಹೊದಿಸಿ, ಅವನನ್ನು ಮನೆಯವರೆಗೆ ತಾವೇ ಬಿಟ್ಟು ಬಂದರು. ಮನೆಗೆ ಬಂದವರು ಊಟಕ್ಕೂ ಮುಂಚೆ ಏಣಿಗೆ ಫೋನ್ ಮಾಡಿ ಆ ಪುಟ ತೆಗೆಸಿದರು. ಹತ್ತು ದಿನ ಎಂದು ನಂಬಿ ಬಂದಿದ್ದವರನ್ನೆಲ್ಲ ಮರುದಿನ ದಡದಲ್ಲಿ ಕೂರಿಸಿ ಅದು ತಪ್ಪು ಎಂದು ನಾನೇ ಹೇಳಿದೆ. ಅರ್ಧ ಜನ ಎದ್ದು ಹೋದರು. ಧುಮುಕಿದವನು ಹೋಗಲಿಲ್ಲ.

ಈಗ ನಿನ್ನ ವಿಷಯ. ಬುಧವಾರ ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಪತ್ರ ಬರೆಯುವವಳಿಗೆ, ಎದುರುಮನೆ ಬೆಕ್ಕಿನ ದಿನಚರಿ ಗೊತ್ತಿರುವವಳಿಗೆ, ಆಫೀಸು ಇದೆಯೋ ಇಲ್ಲವೋ? ಏಪ್ರಿಲಿನಿಂದ ಕೇಳಬೇಕು ಎಂದುಕೊಂಡಿದ್ದೆ. ನೀನೇ ಹೇಳುತ್ತೀ ಎಂದು ಸುಮ್ಮನಿದ್ದೆ.

ನಿನ್ನ ಅತ್ತಿಗೆ


ಜುಲೈ 25

ಅತ್ತಿಗೆ,

ಬೆಕ್ಕಿನಿಂದ ಸಿಕ್ಕಿಬಿದ್ದೆ.

ಆಫೀಸು ಮಾರ್ಚಿನಲ್ಲಿ ಬಿಟ್ಟಿತು. ನಾನು ಬಿಟ್ಟೆ ಎಂದರೂ ಸರಿ. ಒಂದು ಔಷಧಿ ಅಂಗಡಿಯ ವೆಬ್‌ಸೈಟಿಗೆ ಇಂಥದೇ ಲಿಂಕುಗಳನ್ನು ಕೊಂಡು ತರಲು ಹೇಳಿದರು. ನಾನು ಒಲ್ಲೆ ಎಂದೆ. ಆಫೀಸಿನ ಯಜಮಾನರು ಕೆಟ್ಟವರೇನಲ್ಲ, ದನಿಯನ್ನೂ ಏರಿಸಲಿಲ್ಲ. "ಎಲ್ಲರೂ ಮಾಡೋದನ್ನ ನೀನೊಬ್ಬಳು ಮಾಡಲ್ಲ ಅಂದ್ರೆ, ನಿನ್ನ ಪಾಲಿನ ಕೆಲಸ ಯಾರು ಮಾಡ್ತಾರಮ್ಮ?" ಎಂದು ಕೇಳಿದರು. ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ.

ನಿಮಗೆ ಹೇಳಲಿಲ್ಲ, ಯಾಕೆಂದರೆ ಅಣ್ಣನಿಗೆ ತಿಳಿಯುತ್ತಿತ್ತು. 'ನೋಡು, ನಾನು ಹೇಳಿದೆನಲ್ಲ' ಎನ್ನುವುದನ್ನು ಆಗ ಕೇಳುವ ಶಕ್ತಿ ನನಗಿರಲಿಲ್ಲ. ಈಗ ಸಣ್ಣಪುಟ್ಟ ಕೆಲಸ ಬರುತ್ತಿದೆ, ಒಬ್ಬರು ಹಲ್ಲಿನ ವೈದ್ಯರು, ಒಂದು ಪುಸ್ತಕದಂಗಡಿ. ಬಾಡಿಗೆಗೆ ಸಾಕು. ನೀವು ಚಿಂತೆ ಮಾಡಬೇಡಿ, ಅಣ್ಣನಿಗೂ ಬೇಕಿದ್ದರೆ ಹೇಳಿ.

ಆ ಹುಡುಗ ಬದುಕಿದ್ದಾನಲ್ಲ, ಮತ್ತೆ ಬರುತ್ತಿದ್ದಾನಲ್ಲ. ಆ ಸಾಲನ್ನು ತುಂಬ ಸಲ ಓದಿದೆ.

ನಿಮ್ಮ ನಾದಿನಿ


ಅಕ್ಟೋಬರ್ 6

ಅತ್ತಿಗೆ,

ಅಣ್ಣ ನಿಮಗೆ ಎಷ್ಟು ಹೇಳಿದ್ದಾನೋ ಗೊತ್ತಿಲ್ಲ, ಅದಕ್ಕೆ ನಾನೂ ಬರೆಯುತ್ತಿದ್ದೇನೆ.

ಹೋದ ತಿಂಗಳು ನಿಮ್ಮ ವೆಬ್‌ಸೈಟು ಸರ್ಚಿನಿಂದ ಮಾಯವಾದ ದಿನ ಸಂಜೆ ಫೋನ್ ಬಂತು. "ಇದೀಯಾ?" ಎಂದ. ಇದೀನಿ ಎಂದೆ. ಆಮೇಲೆ "ಏನ್ ಮಾಡ್ಬೇಕು ಹೇಳು, ಬರ್ಕೋತೀನಿ" ಎಂದ. ಕೆಲಸ ಬಿಟ್ಟದ್ದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನೀವು ಹೇಳಿಯೇ ಇರುತ್ತೀರಿ.

ಬಾಡಿಗೆ ಲಿಂಕುಗಳು ಇವೆ, ಅದಕ್ಕೇ ತೆಗೆದಿದ್ದೇವೆ ಎಂದು ಸರ್ಚಿನವರ ನೋಟಿಸು ಬಂದಿತ್ತು. ಏಣಿ ಫೋನ್ ಎತ್ತುತ್ತಿಲ್ಲ. ಹಾಗಾಗಿ ಒಬ್ಬೊಬ್ಬರಿಗೂ ನಾವೇ ಬರೆದು, ದಯವಿಟ್ಟು ನಮ್ಮ ಲಿಂಕ್ ತೆಗೆಯಿರಿ ಎಂದು ಕೇಳಬೇಕು. ಪಟ್ಟಿ ಹಿಡಿದರೆ ಮುಗಿಯುವ ಹಾಗೇ ಇರಲಿಲ್ಲ. ದಿನಾ ಸಂಜೆ ಅಣ್ಣ ಅಲ್ಲಿ, ನಾನು ಇಲ್ಲಿ, ಫೋನ್ ಕಿವಿಗೆ ಸಿಕ್ಕಿಸಿಕೊಂಡು ಬರೆದೆವು. ಕೆಲವರು ತೆಗೆದರು. ಕೆಲವರು ಉತ್ತರವನ್ನೇ ಕೊಡಲಿಲ್ಲ. ಕೆಲವರು ತೆಗೆಯಲು ದುಡ್ಡು ಕೇಳಿದರು. ಕೈ ತೋರಿಸಲು ಒಂದು ದರ, ಕೈ ಇಳಿಸಲು ಇನ್ನೊಂದು. ಅದನ್ನು ಕೇಳಿ ಅಣ್ಣ ಎಷ್ಟು ನಕ್ಕ ಎಂದರೆ, ನಾನೂ ನಕ್ಕು, ಕೊನೆಗೆ ಯಾಕೆ ನಗುತ್ತಿದ್ದೇವೆ ಎಂದೇ ಮರೆತುಹೋಯಿತು. ಸಣ್ಣವರಿದ್ದಾಗ ಹಾಗೆ ನಗುತ್ತಿದ್ದೆವು.

ತೆಗೆಯದವರ ಲಿಂಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಸರ್ಚಿನವರಿಗೆ ಅರ್ಜಿ ಹಾಕಿದ್ದೇವೆ. ಏನಾಯಿತೆಂದು ಬರೆಯಿರಿ ಎಂದಿದ್ದರು. ನಾನು ಮೆತ್ತಗೆ ಬರೆದುಕೊಟ್ಟಿದ್ದೆ. ಅಣ್ಣ ಅದನ್ನು ಹೊಡೆದು ಹಾಕಿ, ನಾನೇ ದುಡ್ಡು ಕೊಟ್ಟು ಮಾಡಿಸಿದೆ, ಇನ್ನು ಮಾಡಿಸುವುದಿಲ್ಲ ಎಂದು ಎರಡೇ ಸಾಲು ಬರೆದ.

ಆ ಪಟ್ಟಿಯಲ್ಲಿ ಒಂದು ಲಿಂಕ್ ಮಾತ್ರ ಬೇರೆ ಥರ ಇತ್ತು. ಮಂಡಿ, ಸೊಂಟದ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಒಬ್ಬರದು. ಗೋಡೆ ಮೇಷ್ಟ್ರಿಗೆ ಮಂಡಿ ನೋಡುವವರು ಅವರೇ ಅಂತೆ. ಗಾಯ ಮಾಗದೆ ನಾನು ಇಳಿಸುವುದಿಲ್ಲ ಎಂದು ನೀವು ಬರೆದದ್ದನ್ನು ಓದಿ, 'ಇಂಥವರ ಹತ್ತಿರ ಹೋಗಿ' ಎಂದು ತಮ್ಮ ಪುಟದಲ್ಲಿ ಹಾಕಿದ್ದಾರೆ. ಯಾರೂ ಅವರನ್ನು ಕೇಳಿರಲಿಲ್ಲ. ಅಣ್ಣ ಅದನ್ನೂ ತೆಗೆಯಬೇಕಾ ಎಂದು ಕೇಳಿದ. ಅದೊಂದನ್ನು ಬಿಡು, ಅದು ನಿಜವಾದದ್ದು ಎಂದೆ. ಅವನು ಅದನ್ನು ಫೋನಿನಲ್ಲೇ ನನಗೆ ಇನ್ನೊಮ್ಮೆ ಗಟ್ಟಿಯಾಗಿ ಓದಿ ಹೇಳಿದ.

ನಿಮ್ಮ ನಾದಿನಿ


ಜನವರಿ 12

ನನ್ನ ನಾದಿನಿಗೆ,

ಈ ಸಲ ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು ನೆಮ್ಮದಿಯಾಗಿ ಬರೆಯುತ್ತಿದ್ದೇನೆ.

ನಾವು ಮತ್ತೆ ಸರ್ಚಿನಲ್ಲಿ ಇದ್ದೇವೆ ಎನ್ನುವುದು ನನಗಿಂತ ಮುಂಚೆ ನಿನಗೆ ಗೊತ್ತು. ಎಲ್ಲೋ ನಾಲ್ಕೈದನೆಯ ಸಾಲಂತೆ. ದೊಡ್ಡ ಶಾಲೆಯವರು ಈಗಲೂ ಮೇಲೇ ಇದ್ದಾರೆ, ಅವರಿಗೆ ಏನೂ ಆಗಿಲ್ಲ. ನನಗೆ ಒಂದು ವಾರ ಹೊಟ್ಟೆ ಉರಿಯಿತು, ಆಮೇಲೆ ಬಿಟ್ಟುಬಿಟ್ಟೆ. ಆದರೆ 'ನೀರಿನ ಭಯ' ಎಂದು ಹುಡುಕಿದರೆ ಮೊದಲು ಬರುವುದು ನಾವೇ ಎಂದು ನಿನ್ನ ಅಣ್ಣ ಬಂದವರಿಗೆಲ್ಲ ತೋರಿಸುತ್ತಾರೆ. ಆ ಫಿಸಿಯೋಥೆರಪಿಸ್ಟ್ ಕಳಿಸಿದವರೇ ಒಂದು ಹಿಂಡು ಬರುತ್ತಾರೆ, ಮಧ್ಯಾಹ್ನದ ಹೊತ್ತಿಗೆ. ಬೆಳಗಿನ ಕ್ಲಾಸು ಜೂನ್ ತಿಂಗಳಿನಷ್ಟು ತುಂಬಿಲ್ಲ, ತುಂಬಲೂ ಬಾರದು. ಒಬ್ಬೊಬ್ಬರ ಮೇಲೂ ಕಣ್ಣಿಡಲು ಆಗುವಷ್ಟಿದೆ. ಮ್ಯಾನೇಜರ್ ಈ ವರ್ಷಕ್ಕೂ ಕೊಳ ಕೊಟ್ಟಿದ್ದಾರೆ. ವರ್ಷದ ಕೊನೆಯ ದಿನದವರೆಗೆ ಏನೂ ಹೇಳದೆ ನನ್ನ ನಿದ್ದೆ ಕೆಡಿಸಿ, ಆಮೇಲೆ ಅದೇನು ದೊಡ್ಡ ವಿಷಯ ಎನ್ನುವ ಹಾಗೆ ಕೀಲಿಕೈ ಕೊಟ್ಟು ಹೋದರು.

ನಿನಗೊಬ್ಬ ಗಿರಾಕಿ ಬರುತ್ತಾರೆ, ಬಾಗಿಲು ಕಿಟಕಿ ಮಾಡುವ ಬಡಗಿ. ನಿನ್ನ ಅಣ್ಣ ಕಳಿಸುತ್ತಿದ್ದಾರೆ. ಅವರು ಆ ಬಡಗಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. "ನನ್ನ ತಂಗಿ ನಿಧಾನ. ತಿಂಗಳಲ್ಲಿ ಆಗ್ಬೇಕು ಅಂದ್ರೆ ಅವಳ ಹತ್ರ ಹೋಗ್ಬೇಡಿ, ಬಯ್ಸಿಕೊಂಡು ಬರ್ತೀರ" ಎಂದರು. ಹೇಳಿದ ರೀತಿ ನೋಡಿದರೆ ನೀನು ಯಾವುದೋ ಪದಕ ಗೆದ್ದು ಬಂದ ಹಾಗಿತ್ತು.

ಇವತ್ತು ಬೆಳಿಗ್ಗೆ ಒಬ್ಬ ಹೆಂಗಸು ಬಂದರು, ನನ್ನದೇ ವಯಸ್ಸು. ಚೀಲವನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲೇ ನಿಂತರು. ಫೋನಿನಲ್ಲಿ ನಮ್ಮ ಪುಟ ತೆರೆದಿತ್ತು. ಒಳಗೆ ಬನ್ನಿ ಎಂದೆ. ಮೊದಲ ವಾರ ನೀರಿಗೆ ಇಳಿಯದೆ ದಡದಲ್ಲಿ ಕೂತರೂ ಪರವಾಗಿಲ್ಲ ಎಂದು ಬರೆದಿದೆಯಲ್ಲ, ಅದು ನಿಜವೇ ಎಂದು ಕೇಳಿದರು. ನಿಜ ಎಂದೆ. ಆಗ ಬಂದು ಕೂತರು, ಚೀಲ ಕೆಳಗಿಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಇದನ್ನೆಲ್ಲ ಬರೆದವರು ಯಾರು ಎಂದರು. ಮಾತು ನನ್ನದು, ಬರೆದವಳು ನನ್ನ ನಾದಿನಿ ಎಂದೆ.

"ಅವರಿಗೂ ನೀರು ಅಂದ್ರೆ ಭಯಾನಾ?" ಎಂದು ಕೇಳಿದರು.

ಇಷ್ಟು ವರ್ಷದಲ್ಲಿ ನೀನು ನಮ್ಮ ಮನೆಗೆ ಎಷ್ಟೋ ಸಲ ಬಂದಿದ್ದೀ. ಕೊಳದ ಹತ್ತಿರ ಒಂದು ಸಲವೂ ಬಂದಿಲ್ಲ. ಒಮ್ಮೆ ತಲೆನೋವು, ಒಮ್ಮೆ ಬಟ್ಟೆ ತಂದಿಲ್ಲ, ಒಮ್ಮೆ ಹೊರಡುವ ಹೊತ್ತಾಯಿತು. ಅದು ನನ್ನ ತಲೆಗೆ ಹೊಳೆದದ್ದು ಆಗಲೇ.

"ಅವಳು ಬಂದಾಗ ನೀವೇ ಕೇಳಿ" ಎಂದೆ.

ರಜೆ ಕೇಳಲು ಈಗ ನಿನಗೆ ಯಜಮಾನರೂ ಇಲ್ಲ. ಯಾವತ್ತು ಬರುತ್ತೀ? ಮುಖ ಮುಳುಗಿಸುವುದು ಯಾವತ್ತು ಎಂದು ನೀನೇ ಹೇಳಬೇಕು, ನಾನು ಹೇಳುವುದಿಲ್ಲ.

ನಿನ್ನ ಅತ್ತಿಗೆ